ಮುಚ್ಚಿದ ತೊಟ್ಟಿ: ಬಿಡದಿಯ ಹೊಸ ಮನೆಗಳ ಒಳಅಂಗಳ

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಸುಮಾರು 35 ಕಿ.ಮೀ. ದೂರದಲ್ಲಿರುವ ಬಿಡದಿ ತಟ್ಟೆ ಇಡ್ಲಿಗೆ ಹೆಸರಾದ ಊರು. 1990ರ ದಶಕದಿಂದೀಚೆಗೆ ಆ ಹೆಸರಿನ ಜೊತೆಗೆ ‘ಕೈಗಾರಿಕಾ ಪ್ರದೇಶ’ ಎಂಬ ಮಾತೂ ಸೇರಿಕೊಂಡಿದೆ. ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಕಾರ್ಖಾನೆಯಲ್ಲಿ 1999ರ ಕೊನೆಗೆ ಉತ್ಪಾದನೆ ಆರಂಭವಾಯಿತು. ಅದರ ಬೆನ್ನಿಗೆ ಬಿಡಿಭಾಗಗಳ ಘಟಕಗಳು, ಆಹಾರ ಹಾಗೂ ತಂಪುಪಾನೀಯದ ಘಟಕಗಳು ಬಂದವು. 2007ರಲ್ಲಿ ರಾಮನಗರ ಪ್ರತ್ಯೇಕ ಜಿಲ್ಲೆಯಾಯಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. 2023ರಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಗೊಂಡಿತು. ರಸ್ತೆ ಬಂದಂತೆ ಬಡಾವಣೆಗಳೂ ಬಂದವು. ರಾಗಿ, ಹಿಪ್ಪುನೇರಳೆ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ 30×40, 40×60 ಅಡಿ ನಿವೇಶನಗಳ ಗುರುತುಕಲ್ಲುಗಳು ನಿಂತಿವೆ.

ಈ ನಿವೇಶನಗಳಲ್ಲಿ ಮನೆ ಕಟ್ಟಿಸುವವರ ನಡುವೆ ಇತ್ತೀಚಿನ ವರ್ಷಗಳಲ್ಲಿ ‘ಕೋರ್ಟ್‌ಯಾರ್ಡ್ ಮನೆ’ ಎಂಬುದು ಬೇಡಿಕೆಯ ವಸ್ತುವಾಗಿದೆ. ನಡುವೆ ಒಂದು ಸಣ್ಣ ತೋಟ, ಅದರ ಸುತ್ತ ಹಜಾರ, ಅಡುಗೆಮನೆ, ಮಲಗುವ ಕೋಣೆಗಳು. ಮೇಲಿನಿಂದ ಬೆಳಕು, ಕೆಳಗೆ ಹಸಿರು. ಕರಪತ್ರಗಳಲ್ಲಿ ಇದನ್ನು ‘ನಮ್ಮ ಹಿರಿಯರ ತೊಟ್ಟಿಮನೆಯ ಆಧುನಿಕ ರೂಪ’ ಎಂದು ಕರೆಯುವುದುಂಟು. ಮನೆಯ ನಡುವನ್ನು ‘ಬ್ರಹ್ಮಸ್ಥಾನ’ ಎಂದು ಹೆಸರಿಸಿ ವಾಸ್ತುವಿನ ಮುದ್ರೆ ಒತ್ತುವವರೂ ಇದ್ದಾರೆ. ಮನೆ ತಂಪಾಗಿರುತ್ತದೆ, ಕರೆಂಟ್ ಬಿಲ್ ಇಳಿಯುತ್ತದೆ ಎಂಬ ಭರವಸೆಯಂತೂ ಸಾಮಾನ್ಯ.

ಒಳಅಂಗಳ ನಿಜವಾಗಿಯೂ ಒಳ್ಳೆಯ ಕಲ್ಪನೆ. ಸರಿಯಾಗಿ ಕಟ್ಟಿದರೆ ಬೆಳಕು, ಗಾಳಿ, ತಂಪು, ನೀರು ನಾಲ್ಕನ್ನೂ ಅದು ಕೊಡಬಲ್ಲದು. ಆದರೆ ಅದು ಒಂದು ಸಾಧನ. ಸಾಧನವೆಂದರೆ ಅದಕ್ಕೊಂದು ಅಳತೆ, ಒಂದು ಕೆಲಸದ ಕ್ರಮ ಇರಬೇಕು. ಅಲಂಕಾರವೆಂದು ತಿಳಿದು ಕಟ್ಟಿದಾಗ ಅದು ಕೆಲಸ ಮಾಡುವುದಿಲ್ಲ. ಇಂದು ಕಟ್ಟುತ್ತಿರುವ ಬಹುಪಾಲು ಒಳಅಂಗಳಗಳು ಆಳ, ನೆಲ, ಮುಚ್ಚಳ ಎಂಬ ಮೂರು ಕಡೆ ಸೋಲುತ್ತವೆ. ಜೊತೆಗೆ, ಕೈಗಾರಿಕಾ ಪ್ರದೇಶದಲ್ಲಿ ಇದರ ಅಗತ್ಯ ಯಾರಿಗೆ ಹೆಚ್ಚಾಗಿದೆಯೋ ಅವರಿಗೆ ಅದು ದಕ್ಕಿಯೇ ಇಲ್ಲ. ಈ ಮಾತುಗಳನ್ನು ಲೆಕ್ಕದ ಸಮೇತ ಪರಿಶೀಲಿಸೋಣ.

ತೊಟ್ಟಿಮನೆ ತೋಟದ ಮನೆಯಾಗಿತ್ತೇ?

ಹಳೆಯ ಮೈಸೂರು ಸೀಮೆಯ ತೊಟ್ಟಿಮನೆಯನ್ನು ನೀವು ನೋಡಿರಬಹುದು. ಬೀದಿಗೆ ಜಗಲಿ, ಒಳಗೆ ಪಡಸಾಲೆ, ನಡುವೆ ಒಂದೋ ಒಂದೂವರೆಯೋ ಅಡಿ ತಗ್ಗಾದ, ಕಲ್ಲುಚಪ್ಪಡಿ ಹಾಸಿದ ತೊಟ್ಟಿ. ಸುತ್ತಲೂ ಮರದ ಕಂಬಗಳು, ಒಳಮುಖವಾಗಿ ಇಳಿದ ಹೆಂಚಿನ ಸೂರು. ಮಲೆನಾಡಿನ ಚೌಕಿಮನೆ, ಕೇರಳದ ನಾಲುಕೆಟ್ಟು ಇದೇ ಕುಟುಂಬಕ್ಕೆ ಸೇರಿದವು. ಅಂಗಳದ ಸುತ್ತ ಮನೆ ಕಟ್ಟುವ ಪದ್ಧತಿ ಮೊಹೆಂಜೊದಾರೊದಷ್ಟು ಹಳೆಯದು.

ಆದರೆ ತೊಟ್ಟಿಯಲ್ಲಿ ತೋಟ ಇರುತ್ತಿರಲಿಲ್ಲ. ಹೆಚ್ಚೆಂದರೆ ಒಂದು ತುಳಸಿಕಟ್ಟೆ. ಅಲ್ಲಿ ಕಾಳು ಒಣಗುತ್ತಿತ್ತು, ಪಾತ್ರೆ ತೊಳೆಯುತ್ತಿದ್ದರು, ಹಪ್ಪಳ ಸಂಡಿಗೆ ಇಡುತ್ತಿದ್ದರು, ಮಕ್ಕಳಿಗೆ ಎಣ್ಣೆನೀರು ಹಾಕುತ್ತಿದ್ದರು. ರಾಮನಗರ, ಚನ್ನಪಟ್ಟಣ, ಮಾಗಡಿ ಸೀಮೆಯ ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ಹಣ್ಣಾದಾಗ ಚಂದ್ರಿಕೆಗಳನ್ನು ಒರಗಿಸಲು ನೆರಳೂ ಗಾಳಿಯೂ ಇರುವ ಜಾಗ ಬೇಕಾಗುತ್ತಿತ್ತು. ಪಡಸಾಲೆ, ಅಂಗಳಗಳು ಅದಕ್ಕೂ ಒದಗುತ್ತಿದ್ದವು. ಅಂದರೆ ಅಂಗಳ ತಾನು ತಿನ್ನುವ ಜಾಗಕ್ಕೆ ತಕ್ಕ ದುಡಿಮೆಯನ್ನು ಮನೆಗೆ ಹಿಂದಿರುಗಿಸುತ್ತಿತ್ತು.

ಇನ್ನೊಂದು ಮಾತನ್ನೂ ಮರೆಯಬಾರದು. ತೊಟ್ಟಿಮನೆ ಜಮೀನುಳ್ಳವರ ಮನೆ. ಉಳಿದವರು ಒಂದೆರಡು ಅಂಕಣದ ಮನೆಗಳಲ್ಲಿ ಬದುಕಿದರು. ‘ನಮ್ಮ ಹಿರಿಯರೆಲ್ಲ ತೊಟ್ಟಿಮನೆಯಲ್ಲಿದ್ದರು’ ಎಂಬ ಕರಪತ್ರದ ಭಾಷೆ ಇತಿಹಾಸಕ್ಕೆ ಒಪ್ಪುವುದಿಲ್ಲ.

ಹೀಗಾಗಿ ಇಂದಿನ ಒಳತೋಟದ ಮನೆಯನ್ನು ಪರಂಪರೆಯ ಮುಂದುವರಿಕೆ ಎನ್ನುವುದಕ್ಕಿಂತ ಹೊಸ ಪ್ರಯೋಗ ಎಂದು ನೋಡುವುದೇ ನ್ಯಾಯ. ಪ್ರಯೋಗವನ್ನು ಪರೀಕ್ಷಿಸಬಹುದು; ಪರಂಪರೆಯೆಂದು ಕರೆದರೆ ಪರೀಕ್ಷೆ ಅಲ್ಲಿಗೇ ನಿಂತುಬಿಡುತ್ತದೆ.

ಸೂರ್ಯನ ಲೆಕ್ಕ

ಬಿಡದಿ ಸುಮಾರು 12.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣದ ಕಡೆ ವಾಲಿ ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮೂರನೆಯ ವಾರದಲ್ಲಿ ನೇರ ನೆತ್ತಿಯ ಮೇಲಿರುತ್ತಾನೆ. ಆಗಸ್ಟ್‌ನಲ್ಲಿ ಮೋಡ ಇರುತ್ತದೆ. ಏಪ್ರಿಲ್‌ನಲ್ಲಿ ಮೋಡ ಕಡಿಮೆ. ಅದು ವರ್ಷದ ಅತಿ ಸೆಕೆಯ ಕಾಲವೂ ಹೌದು.

ಇನ್ನು ಹೊಸ ಮನೆಯ ಸಾಮಾನ್ಯ ಅಂಗಳವನ್ನು ತೆಗೆದುಕೊಳ್ಳಿ: 10 ಅಡಿಗೆ 10 ಅಡಿ, ಸುತ್ತ ಎರಡು ಅಂತಸ್ತು, ಮೇಲೆ ತಾರಸಿಯ ಕೈಗೋಡೆ, ಒಟ್ಟು ಎತ್ತರ ಸುಮಾರು 23 ಅಡಿ. ಡಿಸೆಂಬರ್ ಮಧ್ಯಾಹ್ನ ದಕ್ಷಿಣದ ಗೋಡೆಯ ನೆರಳು ಸುಮಾರು 17 ಅಡಿ ಉದ್ದ ಬೀಳುತ್ತದೆ. ಅಂಗಳದ ಅಗಲ ಹತ್ತೇ ಅಡಿ. ಹೀಗಾಗಿ ಚಳಿಗಾಲದಲ್ಲಿ ನೆಲಕ್ಕೆ ನೇರ ಬಿಸಿಲು ತಾಗುವುದೇ ಇಲ್ಲ. ಏಪ್ರಿಲ್ ಕೊನೆಯಲ್ಲಾದರೋ ಮಧ್ಯಾಹ್ನದ ಆಚೀಚೆ ಸುಮಾರು ಮೂರು ಗಂಟೆ ಕಾಲ ಸೂರ್ಯ ನೇರವಾಗಿ ಒಳಗೆ ಇಳಿಯುತ್ತಾನೆ. ಆಗ ಸುತ್ತಲಿನ ಯಾವ ಗೋಡೆಯೂ ನೆರಳು ಕೊಡಲಾರದು.

ಅಂದರೆ ಬಿಸಿಲು ಬೇಕಾದಾಗ ಇಲ್ಲ, ಬೇಡವಾದಾಗ ಇದೆ. ಉತ್ತರ ಭಾರತದ ಅಥವಾ ಈಜಿಪ್ಟಿನ ಆಳವಾದ ಅಂಗಳಗಳ ಚಿತ್ರ ನೋಡಿ, ಅಲ್ಲಿನ ಗೋಡೆಗಳು ಕೊಡುವ ನೆರಳು ನಮ್ಮಲ್ಲೂ ಬೀಳುತ್ತದೆ ಎಂದು ಭಾವಿಸುವುದು ತಪ್ಪು. ಅಲ್ಲಿ ಸೂರ್ಯ ಬೇಸಿಗೆಯಲ್ಲೂ ಸ್ವಲ್ಪವಾದರೂ ಓರೆಯಾಗಿರುತ್ತಾನೆ. ನಮ್ಮ ಅಕ್ಷಾಂಶದಲ್ಲಿ ಬೇಸಿಗೆಯ ನೆರಳು ಬರಬೇಕಾದದ್ದು ಗೋಡೆಯಿಂದಲ್ಲ, ಮೇಲಿನಿಂದ: ಮರದಿಂದ, ಬಳ್ಳಿಯ ಚಪ್ಪರದಿಂದ, ಮುಂಚಾಚಿದ ಸೂರಿನಿಂದ. ಹಳೆಯ ತೊಟ್ಟಿಯ ಸುತ್ತ ಅಗಲ ಸೂರು ಇದ್ದುದು ಇದಕ್ಕೇ. ಇಂದಿನ ಸಪಾಟು ಗೋಡೆಗಳ ಅಂಗಳದಲ್ಲಿ ಸೂರೂ ಇಲ್ಲ, ಚಪ್ಪರವೂ ಇಲ್ಲ.

ಇದಕ್ಕೆ ಪರಿಹಾರ ಸರಳ. ಅಂಗಳದ ದಕ್ಷಿಣದ ಸಾಲನ್ನು ಒಂದೇ ಅಂತಸ್ತಿಗೆ ನಿಲ್ಲಿಸಿ, ಎರಡನೆಯ ಅಂತಸ್ತನ್ನು ಉತ್ತರಕ್ಕೆ ಸರಿಸಬೇಕು. ದಕ್ಷಿಣದ ಗೋಡೆ 11 ಅಡಿಯಾದರೆ ಡಿಸೆಂಬರ್ ಮಧ್ಯಾಹ್ನದ ನೆರಳು 8 ಅಡಿಗೆ ಇಳಿಯುತ್ತದೆ. ಉತ್ತರದ ಅಂಚಿನ ಎರಡು ಅಡಿ ನೆಲಕ್ಕೂ ಅದರ ಹಿಂದಿನ ಗೋಡೆಗೂ ಚಳಿಗಾಲದ ಬಿಸಿಲು ಸಿಗುತ್ತದೆ. ಕರಿಬೇವು, ಪಾರಿಜಾತ, ನಿಂಬೆ ಮುಂತಾದ ಬಿಸಿಲು ಬೇಡುವ ಗಿಡಗಳಿಗೆ ಅದೇ ಜಾಗ. ಸಮ ಎತ್ತರದ ಎರಡು ಅಂತಸ್ತಿನ ಗುಂಡಿಯಲ್ಲಿ ಇಂಥ ಗಿಡಗಳು ಬೆಳಕನ್ನು ಹುಡುಕಿ ಕಡ್ಡಿಯಂತೆ ಮೇಲಕ್ಕೇಳುತ್ತವೆ. ಹುಲ್ಲುಹಾಸಂತೂ ವರ್ಷ ತುಂಬುವುದರೊಳಗೆ ಪಾಚಿಗೆ ಎಡೆಕೊಡುತ್ತದೆ. ಆಮೇಲೆ ಅಲ್ಲಿಗೆ ಬರುವುದು ಪ್ಲಾಸ್ಟಿಕ್ ಹುಲ್ಲು.

ರಾತ್ರಿಯ ತಂಪು ಎಲ್ಲಿಂದ ಬರುತ್ತದೆ?

ಅಂಗಳದ ಮನೆ ತಂಪಾಗುವುದು ಮುಖ್ಯವಾಗಿ ರಾತ್ರಿಯಲ್ಲಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬಿಡದಿಯ ಕಡೆ ಆಕಾಶ ತಿಳಿಯಾಗಿರುತ್ತದೆ, ಗಾಳಿ ಒಣಗಿರುತ್ತದೆ, ಹಗಲು–ರಾತ್ರಿಗಳ ಉಷ್ಣತೆಯ ಅಂತರ ದೊಡ್ಡದಾಗಿರುತ್ತದೆ. ಇಂಥ ರಾತ್ರಿ ಚಾವಣಿ, ನೆಲ, ಎಲೆಗಳೆಲ್ಲ ತಮ್ಮ ಶಾಖವನ್ನು ಅವಕೆಂಪು ವಿಕಿರಣದ ರೂಪದಲ್ಲಿ ಬಾನಿಗೆ ಬಿಟ್ಟುಕೊಡುತ್ತವೆ. ಅವುಗಳಿಗೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ತಗ್ಗಿಗೆ ಹರಿಯುತ್ತದೆ. ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತಿ ಅಂಗಳದ ಮನೆಯ ಈ ಗುಣವನ್ನು ವಿವರವಾಗಿ ಬರೆದಿದ್ದಾರೆ: ರಾತ್ರಿಯ ತಂಪು ಗಾಳಿ ಅಂಗಳದಲ್ಲಿ ಪದರ ಪದರವಾಗಿ ನಿಂತು, ಸುತ್ತಲಿನ ಕೋಣೆಗಳಿಗೆ ಜಿನುಗುತ್ತದೆ. ಮಳೆಗಾಲದ ಮೋಡದ ರಾತ್ರಿಗಳಲ್ಲಿ ಈ ಪರಿಣಾಮ ತೀರಾ ಕಡಿಮೆ.

ಇಲ್ಲಿ ಆಳದ ಪ್ರಶ್ನೆ ಮತ್ತೆ ಬರುತ್ತದೆ. ನೆಲ ತನ್ನ ಶಾಖವನ್ನು ಬಾನಿಗೆ ಬಿಡಬೇಕಾದರೆ ಬಾನು ಅದಕ್ಕೆ ‘ಕಾಣಬೇಕು’. 10×10 ಅಡಿಯ ಅಂಗಳಕ್ಕೆ ಸುತ್ತ 11 ಅಡಿ ಗೋಡೆಯಿದ್ದರೆ ನೆಲದಿಂದ ಹೊರಡುವ ವಿಕಿರಣದಲ್ಲಿ ಸುಮಾರು ಆರನೇ ಒಂದು ಪಾಲು ನೇರವಾಗಿ ಮೇಲಿನ ತೆರಪನ್ನು ತಲುಪುತ್ತದೆ ಎಂದು ಜ್ಯಾಮಿತಿ ಹೇಳುತ್ತದೆ. ಗೋಡೆ 23 ಅಡಿಯಾದರೆ ಈ ಪಾಲು ಹದಿನೆಂಟನೇ ಒಂದಕ್ಕೆ ಇಳಿಯುತ್ತದೆ. ಉಳಿದದ್ದೆಲ್ಲ ಗೋಡೆಗಳಿಗೆ ಬಡಿದು ಮನೆಯೊಳಗೇ ಉಳಿಯುತ್ತದೆ.

ಹಾಗಾದರೆ ಹಳೆಯ ಮನೆ ತಂಪಾಗುತ್ತಿದ್ದುದು ಹೇಗೆ? ತೊಟ್ಟಿಯ ನೆಲಕ್ಕಿಂತ ಸುತ್ತಲಿನ ಇಳಿಜಾರು ಮಾಡು ಹೆಚ್ಚು ಕೆಲಸ ಮಾಡುತ್ತಿತ್ತು. ಅದು ಪೂರ್ತಿ ಬಾನಿಗೆ ಮೈಯೊಡ್ಡಿದ ದೊಡ್ಡ ಮೇಲ್ಮೈ; ಹೆಂಚಿನ ಮೇಲೆ ತಣ್ಣಗಾದ ಗಾಳಿ ಇಳಿಜಾರಿನಲ್ಲಿ ಜಾರಿ ತೊಟ್ಟಿಗೆ ಇಳಿಯುತ್ತಿತ್ತು. ಇಂದಿನ ಆರ್‌ಸಿಸಿ ತಾರಸಿಯೂ ರಾತ್ರಿ ಬಾನಿಗೆ ಶಾಖ ಬಿಡುತ್ತದೆ. ಆದರೆ ಅದರ ಸುತ್ತ ಮೂರಡಿ ಕೈಗೋಡೆ ಇರುತ್ತದೆ. ತಣ್ಣಗಾದ ಗಾಳಿ ತಟ್ಟೆಯಲ್ಲಿನ ನೀರಿನಂತೆ ಅಲ್ಲೇ ನಿಲ್ಲುತ್ತದೆ. ಅಂಗಳದ ಕಡೆಗೆ ಮಾತ್ರ ಕೈಗೋಡೆಯ ಬದಲು ಕಂಬಿಗಳ ಕಟಕಟೆ ಹಾಕಿ, ತಾರಸಿಗೆ ಆ ಕಡೆ ಸ್ವಲ್ಪ ಇಳಿಜಾರು ಕೊಟ್ಟರೆ ಅದೇ ಗಾಳಿ ಅಂಗಳಕ್ಕೆ ಇಳಿಯಲು ದಾರಿಯಾಗುತ್ತದೆ. ಹೆಚ್ಚಿನ ಖರ್ಚಿಲ್ಲದ ಈ ಬದಲಾವಣೆ ಮನೆಗಳ ನಕ್ಷೆಗಳಲ್ಲಿ ಅಪರೂಪಕ್ಕೂ ಕಾಣುವುದಿಲ್ಲ.

ನೆಲದ ಹಾಸಿನ ತಪ್ಪೂ ಇಷ್ಟೇ ದೊಡ್ಡದು. ನಮ್ಮ ಜಿಲ್ಲೆ ಗ್ರಾನೈಟ್ ಬಂಡೆಗಳ ನಾಡು. ಕಲ್ಲು ಸುಲಭವಾಗಿ ಸಿಗುತ್ತದೆ, ಹೊಳಪು ಕೊಟ್ಟರೆ ಚೆನ್ನಾಗಿಯೂ ಕಾಣುತ್ತದೆ. ಆದರೆ ಏಪ್ರಿಲ್ ಮಧ್ಯಾಹ್ನ ಕಪ್ಪು ಗ್ರಾನೈಟಿನ ಮೇಲೆ ಬರಿಗಾಲಲ್ಲಿ ನಿಲ್ಲುವುದು ಕಷ್ಟ. ಆ ಕಲ್ಲು ಹಗಲಿನ ಶಾಖವನ್ನು ಹಿಡಿದಿಟ್ಟು ಸಂಜೆ ಕೋಣೆಗಳಿಗೆ ಬಿಡುತ್ತದೆ. ಅದೇ ಜಾಗದಲ್ಲಿ ಮಣ್ಣೂ ಗಿಡವೂ ಇದ್ದರೆ ಲೆಕ್ಕ ಬೇರೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಗಿಡಗಳೂ ಮಣ್ಣೂ ಸೇರಿ ದಿನಕ್ಕೆ ಹತ್ತು ಲೀಟರ್ ಆವಿ ಬಿಟ್ಟರೆ ಆರೂಮುಕ್ಕಾಲು ಯೂನಿಟ್‌ನಷ್ಟು ಶಾಖ ಖರ್ಚಾದಂತಾಯಿತು. ಅದರಲ್ಲಿ ಒಂದಷ್ಟು ತಂಪು ಹೊರಗಿನ ಗಾಳಿಯೊಡನೆ ಬೆರೆತು ಹೋಗುತ್ತದೆ ಎಂಬುದು ನಿಜ. ಆದರೂ ಎಲೆ ಸುತ್ತಲಿನ ಗಾಳಿಗಿಂತ ಹೆಚ್ಚೇನೂ ಬಿಸಿಯಾಗುವುದಿಲ್ಲ, ಕಲ್ಲು ಆಗುತ್ತದೆ. ತೋಟ ಎಂಬ ಮಾತಿಗೆ ಅರ್ಥ ಬರುವುದು ನೆಲ ಮಣ್ಣಾಗಿದ್ದಾಗ. ಗ್ರಾನೈಟಿನ ಮೇಲಿಟ್ಟ ನಾಲ್ಕು ಕುಂಡಗಳು ತೋಟವಲ್ಲ.

ಮುಚ್ಚಳದ ಮೋಹ

ಇನ್ನು ಮೂರನೆಯ ಸೋಲು. ಮನೆ ಕಟ್ಟಿ ಒಂದು ಮಳೆಗಾಲ ಕಳೆಯುವ ಹೊತ್ತಿಗೆ ಬಹುಪಾಲು ಒಳಅಂಗಳಗಳ ಮೇಲೆ ಪಾಲಿಕಾರ್ಬನೇಟ್ ಹಾಳೆಯೋ ಗಾಜೋ ಬಂದು ಕೂರುತ್ತದೆ. ಕಾರಣಗಳು ಸಣ್ಣವಲ್ಲ: ಮಳೆ ಎರಚಲು, ಕಳ್ಳರ ಭಯ, ಕೋತಿಗಳ ಕಾಟ, ಹೆದ್ದಾರಿಯ ಧೂಳು, ಸೊಳ್ಳೆ. ಆದರೆ ಮುಚ್ಚಳ ಬಿದ್ದ ಕ್ಷಣದಿಂದ ಅಂಗಳದ ಭೌತವಿಜ್ಞಾನ ತಲೆಕೆಳಗಾಗುತ್ತದೆ.

ಪಾರದರ್ಶಕ ಹಾಳೆ ಸೂರ್ಯನ ಬೆಳಕನ್ನು ಒಳಬಿಡುತ್ತದೆ. ಆ ಬೆಳಕು ನೆಲಕ್ಕೂ ಗೋಡೆಗೂ ತಾಗಿ ಶಾಖವಾಗಿ, ಅವಕೆಂಪು ವಿಕಿರಣವಾಗಿ ಹೊರಟಾಗ ಅದೇ ಹಾಳೆ ಅದನ್ನು ತಡೆಯುತ್ತದೆ. ಹಸಿರುಮನೆಯ ತತ್ತ್ವ ಇದೇ ಅಲ್ಲವೇ? ಬಿಸಿಗಾಳಿ ಮೇಲೇರಿ ಮುಚ್ಚಳದ ಕೆಳಗೆ ಜಮಾಯಿಸುತ್ತದೆ. ಮೇಲಂತಸ್ತಿನ ಮಲಗುವ ಕೋಣೆಗಳ ಕಿಟಕಿಗಳು ಆ ಬಿಸಿಗಾಳಿಗೇ ತೆರೆದುಕೊಳ್ಳುತ್ತವೆ. ರಾತ್ರಿ ಬಾನಿಗೆ ಶಾಖ ಬಿಡುವ ದಾರಿ, ತಾರಸಿಯ ತಂಪು ಗಾಳಿ ಒಳಗೆ ಇಳಿಯುವ ದಾರಿ ಎರಡೂ ಮುಚ್ಚುತ್ತವೆ. ಆಮೇಲೆ ಹವಾನಿಯಂತ್ರಕ ಬರುತ್ತದೆ. ಅದರ ಹೊರಘಟಕವನ್ನು ‘ಹೇಗೂ ಬಯಲಿದೆಯಲ್ಲ’ ಎಂದು ಅಂಗಳದ ಗೋಡೆಗೇ ನೇತುಹಾಕಿದರೆ, ಒಂದು ಕೋಣೆಯ ಶಾಖವನ್ನು ಉಳಿದ ಕೋಣೆಗಳಿಗೆ ಹಂಚಿದಂತೆ.

ಭಯಗಳಿಗೆ ಬೇರೆ ಉತ್ತರಗಳಿವೆ. ಕಳ್ಳರಿಗೂ ಕೋತಿಗಳಿಗೂ ಕಬ್ಬಿಣದ ಸರಳಿನ ಜಾಲರಿ ಸಾಕು. ಅದು ಬಾನನ್ನು ಹೆಚ್ಚು ಮರೆಮಾಡುವುದಿಲ್ಲ, ಬಳ್ಳಿ ಹಬ್ಬಿಸಲೂ ಬರುತ್ತದೆ. ಎರಚಲಿಗೆ ಮೂರಡಿ ಸೂರು ಬೇಕು. ಗಾಜು ಹಾಕಲೇಬೇಕೆಂದರೆ ಅದನ್ನು ಗೋಡೆಗಿಂತ ಎರಡಡಿ ಎತ್ತರಿಸಿ, ಸುತ್ತ ಗಾಳಿ ಹೊರಹೋಗಲು ತೆರಪು ಬಿಡಬೇಕು. ಆಗಲೂ ಅದನ್ನು ‘ಮೇಲ್ಬೆಳಕಿನ ಹಜಾರ’ ಎನ್ನಬೇಕೇ ಹೊರತು ಅಂಗಳ ಎನ್ನಬಾರದು.

ಸೊಳ್ಳೆಯ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರದಿಂದ ಹತ್ತು ದಿನ ಸಾಕು. ತಾವರೆಯ ತೊಟ್ಟಿಗೆ ಗಪ್ಪಿ ಮೀನು ಬಿಡುವುದು, ಕುಂಡಗಳ ಕೆಳಗಿನ ತಟ್ಟೆಗಳನ್ನು ವಾರಕ್ಕೊಮ್ಮೆ ಒಣಗಿಸುವುದು ಅಂಗಳವಿಟ್ಟುಕೊಂಡವರ ಕರ್ತವ್ಯ.

ಬಿಡದಿಗೇ ವಿಶಿಷ್ಟವಾದ ಒಂದು ತೊಡಕೂ ಇದೆ. ಬೆಂಗಳೂರಿನ ಕೊಳಚೆಯನ್ನೂ ಕೈಗಾರಿಕಾ ತ್ಯಾಜ್ಯವನ್ನೂ ಹೊತ್ತ ವೃಷಭಾವತಿ ನದಿ ಬಿಡದಿ ಹೋಬಳಿಯ ಬೈರಮಂಗಲ ಕೆರೆಗೆ ಬಂದು ಸೇರುತ್ತ ಬಂದಿದೆ. 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದ ಈ ಕೆರೆ ದಶಕಗಳಿಂದ ನೊರೆ ಮತ್ತು ದುರ್ನಾತಕ್ಕೆ ಸುದ್ದಿಯಾಗಿದೆ. ಗಾಳಿ ಆ ಕಡೆಯಿಂದ ಬೀಸುವ ದಿನ ಬಾನಿಗೆ ತೆರೆದ ಮನೆ ಆ ವಾಸನೆಗೂ ತೆರೆದಿರುತ್ತದೆ. ಮನೆಯ ನಕ್ಷೆಯಿಂದ ಇದನ್ನು ಪರಿಹರಿಸಲಾಗದು. ಊರಿನ ಗಾಳಿ–ನೀರು ಕೆಟ್ಟಾಗ ಒಬ್ಬೊಬ್ಬರೂ ತಮ್ಮ ಮನೆಗೆ ಮುಚ್ಚಳ ಹಾಕಿಕೊಳ್ಳುತ್ತಾರೆ. ಕೆರೆ ಮಾತ್ರ ಹಾಗೇ ಉಳಿಯುತ್ತದೆ.

ಮಳೆಯ ಲೆಕ್ಕ

ತೊಟ್ಟಿ ತಗ್ಗಾಗಿದ್ದುದು ಏಕೆ ಎಂಬ ಪ್ರಶ್ನೆಗೂ ಉತ್ತರ ಲೆಕ್ಕದಲ್ಲೇ ಇದೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಅಂಗಳವೂ ಸೇರಿ 70 ಚದರ ಮೀಟರ್ ಮೇಲ್ಮೈಯ ನೀರು ಅಂಗಳಕ್ಕೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಗಂಟೆಯಲ್ಲಿ 50 ಮಿ.ಮೀ. ಸುರಿದರೆ 3,500 ಲೀಟರ್. ಎಲೆಕಸ ಸಿಕ್ಕಿ ನೀರುಕಂಡಿ ಕಟ್ಟಿಕೊಂಡರೆ 10×10 ಅಡಿಯ ಅಂಗಳದಲ್ಲಿ ನೀರು ಒಂದೂಕಾಲು ಅಡಿ ಏರುತ್ತದೆ. ಒಂದೂವರೆ ಅಡಿ ತಗ್ಗಿನ ತೊಟ್ಟಿ ಅಷ್ಟನ್ನೂ ತಡೆದುಕೊಳ್ಳುತ್ತಿತ್ತು. ಹಜಾರದ ಮಟ್ಟಕ್ಕೇ ನೆಲ ಹಾಸಿ, ಮೂಲೆಯಲ್ಲೊಂದು ಸಣ್ಣ ಜಾಲರಿ ಇಟ್ಟ ಹೊಸ ಅಂಗಳ ತಡೆಯಲಾರದು. ನೀರು ಸೋಫಾದ ಕೆಳಗೆ ಬರುತ್ತದೆ. ಆಮೇಲೆ ಮುಚ್ಚಳ ಬರುತ್ತದೆ. ನೆಲ ತಗ್ಗಿಸಿ ನಾಲ್ಕು ಅಂಗುಲದ ಎರಡು ಕೊಳವೆಗಳನ್ನು ಇಟ್ಟಿದ್ದರೆ ಆ ಮುಚ್ಚಳವೇ ಬೇಕಾಗುತ್ತಿರಲಿಲ್ಲ.

ಇದೇ ನೀರು ಸಂಪತ್ತೂ ಹೌದು. ವರ್ಷಕ್ಕೆ 800 ಮಿ.ಮೀ. ಆಸುಪಾಸಿನ ಮಳೆಯಲ್ಲಿ ಈ ಮೇಲ್ಮೈಗೆ 56,000 ಲೀಟರ್ ಬೀಳುತ್ತದೆ. ನಷ್ಟ ಕಳೆದು 45,000 ಲೀಟರ್ ಹಿಡಿದರೂ ದಿನಕ್ಕೆ 400 ಲೀಟರ್ ಬಳಸುವ ಸಂಸಾರಕ್ಕೆ ಮೂರೂವರೆ ತಿಂಗಳಿಗೂ ಹೆಚ್ಚು ಕಾಲ ಆಗುತ್ತದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿಯಾಗಿದ್ದ ಎ. ಆರ್. ಶಿವಕುಮಾರ್ ಬೆಂಗಳೂರಿನ ತಮ್ಮ ‘ಸೌರಭ’ ಮನೆಯಲ್ಲಿ 1990ರ ದಶಕದಿಂದಲೂ ಮಳೆನೀರನ್ನೇ ನೆಚ್ಚಿ ಬದುಕಿ ತೋರಿಸಿದ್ದಾರೆ. ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿದ ಬಿಡದಿಯ ಬಡಾವಣೆಗಳಲ್ಲಿ ಅಂಗಳದ ತಳದಲ್ಲೊಂದು ನೀರಿನ ತೊಟ್ಟಿ ಇರುವುದು, ಅಂಗಳದಲ್ಲಿ ಬುದ್ಧನ ವಿಗ್ರಹ ಇರುವುದಕ್ಕಿಂತ ಹೆಚ್ಚು ಉಪಯುಕ್ತ.

ಒಳ್ಳೆಯ ಮಾದರಿಗಳು

ಟೀಕೆ ಮಾತ್ರ ಸಾಲದು. ಚೆನ್ನಾಗಿ ಮಾಡಿದವರನ್ನೂ ನೋಡಬೇಕು. ಶ್ರೀಲಂಕಾದ ಜೆಫ್ರಿ ಬಾವಾ 1960ರ ದಶಕದ ಆರಂಭದಲ್ಲಿ ಕೊಲಂಬೊ ನಗರದ ಸಣ್ಣ ನಿವೇಶನವೊಂದರಲ್ಲಿ ಈನಾ ಡಿ ಸಿಲ್ವಾ ಅವರಿಗೆ ಅಂಗಳದ ಮನೆ ಕಟ್ಟಿಕೊಟ್ಟರು. ಬೀದಿಗೆ ಬೆನ್ನು, ಒಳಗೆ ಮರವಿರುವ ತೆರೆದ ಅಂಗಳ, ಸುತ್ತ ಅಗಲ ಸೂರಿನ ಹೆಂಚಿನ ಮಾಡು. ಸೂರ್ಯ ನೆತ್ತಿಗೆ ಬರುವ, ಮಳೆ ಸುರಿಯುವ ನಾಡಿಗೆ ಸೂರೂ ಮರವೂ ಅಂಗಳದಷ್ಟೇ ಮುಖ್ಯ ಎಂದು ಆ ಮನೆ ತೋರಿಸಿತು. ನಿವೇಶನ ಕೈಬಿಟ್ಟುಹೋದಾಗ ಆ ಮನೆಯನ್ನು ಬಿಚ್ಚಿ, ಬಾವಾ ಅವರ ಲುನುಗಂಗಾ ತೋಟದಲ್ಲಿ ಮತ್ತೆ ಕಟ್ಟಿದ್ದಾರೆ.

ನಮ್ಮಲ್ಲೇ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಆವರಣವಿದೆ. ಬಿ. ವಿ. ದೋಶಿ ಅದನ್ನು ಒರಟು ಗ್ರಾನೈಟ್ ಗೋಡೆಗಳಿಂದ, ಅಂಗಳಗಳ ಸರಣಿಯಾಗಿ ರೂಪಿಸಿದರು. ಅಲ್ಲಿನ ನಡೆದಾರಿಗಳ ಮೇಲೆ ಹಲವೆಡೆ ಪೂರ್ತಿ ಚಾವಣಿಯಿಲ್ಲ. ತೊಲೆಗಳ ಚೌಕಟ್ಟು, ಅದರ ಮೇಲೆ ಬಳ್ಳಿ. ಇದು ನಮ್ಮ ಹಿತ್ತಿಲಿನ ಅವರೆ, ಹೀರೆ ಚಪ್ಪರದ ಹಿರಿಯಣ್ಣ. ನೆತ್ತಿಯ ಸೂರ್ಯನಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ: ಬೇಸಿಗೆಗೆ ಎಲೆ ತುಂಬಿರುತ್ತದೆ, ಮಳೆಗಾಲದಲ್ಲಿ ಸವರಿ ಬೆಳಕು ಬಿಟ್ಟುಕೊಳ್ಳಬಹುದು. ಗೋಡೆಗಳ ವಿಷಯಕ್ಕೆ ಬಂದರೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ರೂಢಿಗೆ ತಂದ ಸ್ಥಿರೀಕೃತ ಮಣ್ಣಿನ ಇಟ್ಟಿಗೆಗಳು ಇಂಥ ಮನೆಗೆ ಹೊಂದುತ್ತವೆ. ಅಂಗಳವೆಂದರೆ ಹೆಚ್ಚು ಗೋಡೆ ಎಂಬುದನ್ನು ನೆನಪಿಡಿ: 10×10 ಅಡಿಯ ಅಂಗಳ ಒಂದು ಅಂತಸ್ತಿಗೆ 400 ಚದರ ಅಡಿಯಷ್ಟು ಗೋಡೆಯನ್ನು ಕೂಡಿಸುತ್ತದೆ.

ಅಂಗಳ ಯಾರಿಗೆ ಬೇಕು?

ಈಗ ಮುಖ್ಯ ಪ್ರಶ್ನೆ. 30×40 ಅಡಿ ನಿವೇಶನದ ವಿಸ್ತೀರ್ಣ 1,200 ಚದರ ಅಡಿ. ಸುತ್ತ ಒಂದೊಂದು ಮೀಟರ್ ಜಾಗ ಬಿಟ್ಟರೆ ಸುಮಾರು 416 ಚದರ ಅಡಿ ಹೋಗುತ್ತದೆ. ಪಕ್ಕದವರೂ ಅಷ್ಟೇ ಬಿಟ್ಟರೆ ಎರಡು ಮನೆಗಳ ನಡುವೆ ಒಂದು ಇಕ್ಕಟ್ಟಿನ ಓಣಿ ಉಳಿಯುತ್ತದೆ. ಅಲ್ಲಿ ಮಗು ಆಡುವುದಿಲ್ಲ, ಮರ ಬೆಳೆಯುವುದಿಲ್ಲ, ಕಿಟಕಿ ತೆರೆದರೆ ಪಕ್ಕದವರ ಅಡುಗೆಮನೆ. ಇದೇ 416 ಚದರ ಅಡಿಯನ್ನು ನಡುವೆ ಒಟ್ಟುಗೂಡಿಸಿದರೆ 20×20 ಅಡಿಯ ಅಂಗಳವಾಗುತ್ತದೆ. ಹಳೆಯ ಅಗ್ರಹಾರಗಳಲ್ಲಿ ಪಕ್ಕದ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ ಇರುತ್ತಿದ್ದುದರಿಂದಲೇ ಅಂಗಳಕ್ಕೆ ಜಾಗ ಸಿಗುತ್ತಿತ್ತು. ಸುತ್ತಲೂ ಬಯಲು ಬಿಡಬೇಕೆಂಬ ನಿಯಮ ದೊಡ್ಡ ನಿವೇಶನದ ಬಂಗಲೆಯ ಕಲ್ಪನೆಯಿಂದ ಬಂದದ್ದು. ಸಣ್ಣ ನಿವೇಶನದಲ್ಲಿ ಅದನ್ನು ಪಾಲಿಸಿದ ಮೇಲೆ ಅಂಗಳಕ್ಕೆ ಉಳಿಯುವುದು ಗುಂಡಿಯಷ್ಟೇ ಜಾಗ.

ಕಾರ್ಖಾನೆಗಳ ಸುತ್ತಲಿನ ಇಂಥ ನಿವೇಶನಗಳಲ್ಲಿ ಹೆಚ್ಚಾಗಿ ಏಳುವುದು ಬಾಡಿಗೆ ಮನೆಗಳು. ಒಂದು ಕೋಣೆ, ಒಂದು ಅಡುಗೆ ಮೂಲೆ, ನಡುವೆ ಕತ್ತಲೆಯ ಓಣಿ, ಮೇಲೆ ಮತ್ತೆ ಅದೇ. ಒಳಗಿನ ಕೋಣೆಗಳಿಗೆ ಎರಡು ಕಡೆ ಕಿಟಕಿ ಇರುವುದಿಲ್ಲವಾದ್ದರಿಂದ ಗಾಳಿ ಆಡುವುದಿಲ್ಲ. ಹಗಲಲ್ಲೂ ದೀಪ ಉರಿಯುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದವರು ಮಲಗಬೇಕಾದದ್ದು ಹಗಲಿನ ಸೆಕೆಯಲ್ಲಿ, ಇಂಥ ಕೋಣೆಗಳಲ್ಲಿ. ನಿದ್ದೆಗೆಟ್ಟವರು ಯಂತ್ರದ ಮುಂದೆ ನಿಲ್ಲುವುದು ಸುರಕ್ಷತೆಯ ಪ್ರಶ್ನೆಯೂ ಹೌದು.

ಇಂಥ ಮನೆಗಳಿಗೆ ನಮ್ಮಲ್ಲೇ ಒಂದು ಹಳೆಯ ಮಾದರಿಯಿದೆ: ವಠಾರ. ಬೆಂಗಳೂರು, ಮೈಸೂರುಗಳ ವಠಾರಗಳಲ್ಲಿ ಏಳೆಂಟು ಸಂಸಾರಗಳಿಗೆ ಒಂದೇ ಅಂಗಳ, ಒಂದೇ ನಲ್ಲಿ. ಜಗಳಕ್ಕೂ ಸ್ನೇಹಕ್ಕೂ ಅದೇ ಜಾಗ. ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ನವಿ ಮುಂಬೈಯ ಬೇಲಾಪುರದಲ್ಲಿ ಕಡಿಮೆ ಆದಾಯದವರನ್ನೂ ಒಳಗೊಂಡ ವಸತಿ ಸಮುಚ್ಚಯವನ್ನು ರೂಪಿಸಿದಾಗ ಮಾಡಿದ್ದೂ ಇದನ್ನೇ. ಏಳು ಮನೆಗಳಿಗೆ ಒಂದು, ಸುಮಾರು 8×8 ಮೀಟರಿನ ಸಾಮೂಹಿಕ ಅಂಗಳ. ಅಂಥ ಮೂರು ಗುಂಪುಗಳಿಗೆ ಇನ್ನೊಂದು ದೊಡ್ಡ ಅಂಗಳ. ನಂತರದ ವರ್ಷಗಳಲ್ಲಿ ಅಲ್ಲಿನ ಅನೇಕ ಮನೆಗಳನ್ನು ಮಾಲೀಕರು ಬದಲಾಯಿಸಿದ್ದಾರೆ, ಒಡೆದು ಕಟ್ಟಿದ್ದಾರೆ. ಆದರೆ ಬಡವರಿಗೆ ಬಾನು ದುಬಾರಿ ಎಂಬ ಮಾತಿಗೆ ಆ ಯೋಜನೆ ಕೊಟ್ಟ ಉತ್ತರ ಈಗಲೂ ನಿಂತಿದೆ.

ಬಿಡದಿಯ ಲೆಕ್ಕಕ್ಕೆ ಬನ್ನಿ. 100 ಚದರ ಅಡಿ ಅಂಗಳ ಒಂದು ಸಂಸಾರಕ್ಕೆ ದುಬಾರಿ. ಆರು ಸಂಸಾರ ಹಂಚಿಕೊಂಡರೆ ತಲಾ 17 ಚದರ ಅಡಿ. ಒಂದು ಮಂಚದ ಜಾಗಕ್ಕಿಂತ ಕಡಿಮೆ. ಪ್ರತಿಯಾಗಿ ಆರು ಮನೆಗಳಿಗೂ ಎರಡನೆಯ ಕಿಟಕಿ, ಬಟ್ಟೆ ಒಣಗಿಸುವ ತಾವು, ಒಂದು ಕರಿಬೇವಿನ ಗಿಡ, ಮಕ್ಕಳಿಗೆ ಲಾರಿ ಬಾರದ ನೆಲ ಸಿಗುತ್ತವೆ. ಪಕ್ಕಪಕ್ಕದ ಎರಡು ನಿವೇಶನಗಳವರು ಒಟ್ಟಾಗಿ ಕಟ್ಟಿದರೆ ಅಂಗಳ ಇನ್ನೂ ಅಗಲವಾಗುತ್ತದೆ. ತೊಂದರೆಗಳೂ ಇವೆ. ಎರಡು ಅಂತಸ್ತಿನಲ್ಲಿ ಸೇರಿ 200 ಚದರ ಅಡಿ, ಅಂದರೆ ಒಂದು ಸಣ್ಣ ಬಾಡಿಗೆ ಮನೆಯಷ್ಟು ಜಾಗವನ್ನು ಮಾಲೀಕ ಕಳೆದುಕೊಳ್ಳುತ್ತಾನೆ. ಅಂಗಳದ ಗದ್ದಲ ಪಾಳಿಯವರ ನಿದ್ದೆ ಕೆಡಿಸಬಹುದು. ಹೀಗಾಗಿ ಮಲಗುವ ಭಾಗವನ್ನು ಹೊರಗೋಡೆಯ ಕಡೆಗೂ ಅಡುಗೆಯನ್ನು ಅಂಗಳದ ಕಡೆಗೂ ಇಟ್ಟು, ನಡುವೆ ದಪ್ಪ ಗೋಡೆ, ಎತ್ತರದಲ್ಲಿ ಗವಾಕ್ಷಿ ಕೊಡಬೇಕು. ಮಾಲೀಕನ ನಷ್ಟಕ್ಕೆ ಯೋಜನಾ ಪ್ರಾಧಿಕಾರ ದಾರಿ ಮಾಡಬಹುದು: ಅಂಗಳ ಬಿಟ್ಟವರಿಗೆ ಪಕ್ಕದ ಬಯಲಿನಲ್ಲಿ ರಿಯಾಯಿತಿ, ಮೇಲೆ ಅಷ್ಟೇ ವಿಸ್ತೀರ್ಣದ ಹೆಚ್ಚುವರಿ ಅನುಮತಿ. ಕಾರ್ಮಿಕರಿಗೆ ವಸತಿ ಕಟ್ಟಿಸುವ ಕಾರ್ಖಾನೆಗಳೂ ಈ ಮಾದರಿಯನ್ನು ಪ್ರಯೋಗಿಸಿ ನೋಡಬಹುದು.

ಇದನ್ನು ಈಗಲೇ ಹೇಳಬೇಕಾದ ಕಾರಣವಿದೆ. ಬಿಡದಿಯಲ್ಲಿ ಉಪನಗರ ಕಟ್ಟುವ ಪ್ರಸ್ತಾಪ 2006ರಲ್ಲಿ ಬಂದು ನಿಂತಿತ್ತು. 2025ರಲ್ಲಿ ಸರ್ಕಾರ ಅದನ್ನು ಮತ್ತೆ ಕೈಗೆತ್ತಿಕೊಂಡಿತು. ಬೈರಮಂಗಲ ಮತ್ತು ಸುತ್ತಲಿನ ಊರುಗಳ ರೈತರು ಜಮೀನು ಕೊಡುವುದಕ್ಕೆ ವಿರೋಧ ವ್ಯಕ್ತಪಡಿಸಿದರು. ಜಮೀನಿನ ಪ್ರಶ್ನೆ ಹೇಗೇ ತೀರ್ಮಾನವಾದರೂ ಈ ಭಾಗದಲ್ಲಿ ಮುಂದಿನ ವರ್ಷಗಳಲ್ಲಿ ಸಾವಿರಾರು ಮನೆಗಳು ಏಳುವುದು ಖಚಿತ. ಅವುಗಳ ಕಟ್ಟಡ ನಿಯಮಗಳನ್ನು ಬರೆಯುವವರು ಸುತ್ತಲಿನ ಓಣಿಗಳನ್ನು ಅಳೆಯುವಷ್ಟೇ ಶ್ರದ್ಧೆಯಿಂದ ನಡುವಿನ ಅಂಗಳವನ್ನೂ ಅಳೆಯಬೇಕು. ಅಂಗಳದ ಅಗಲ ಸುತ್ತಲಿನ ಗೋಡೆಯ ಎತ್ತರಕ್ಕಿಂತ ಕಡಿಮೆಯಿರಬಾರದು, ಅರ್ಧದಷ್ಟಾದರೂ ನೆಲ ಮಣ್ಣಾಗಿರಬೇಕು, ಮೇಲೆ ಬಾನು ತೆರೆದಿರಬೇಕು ಎಂಬ ಮೂರು ಸಾಲು ಸೇರಿಸಿದರೂ ಬಹಳಷ್ಟು ಸುಧಾರಣೆಯಾದೀತು.

ಸ್ವಂತಕ್ಕೆ ಮನೆ ಕಟ್ಟಿಸುವ ಓದುಗರಿಗೂ ಒಂದು ಸಲಹೆ. ನಕ್ಷೆಗೆ ಸಹಿ ಹಾಕುವ ಮುನ್ನ ನಿಮ್ಮ ವಾಸ್ತುಶಿಲ್ಪಿಯನ್ನು ಕೇಳಿ: ಏಪ್ರಿಲ್ ಮಧ್ಯಾಹ್ನ ಈ ಅಂಗಳಕ್ಕೆ ನೆರಳು ಎಲ್ಲಿಂದ ಬರುತ್ತದೆ? ತಾರಸಿಯ ತಂಪು ಗಾಳಿ ಒಳಗೆ ಇಳಿಯಲು ದಾರಿ ಎಲ್ಲಿದೆ? ನೀರುಕಂಡಿ ಕಟ್ಟಿಕೊಂಡರೆ ಮಳೆನೀರು ಎಲ್ಲಿ ನಿಲ್ಲುತ್ತದೆ? ದಿನವೂ ಯಾರು, ಯಾವ ಕೆಲಸಕ್ಕೆ ಇಲ್ಲಿಗೆ ಬರುತ್ತಾರೆ? ಈ ನಾಲ್ಕು ಪ್ರಶ್ನೆಗಳಿಗೆ ನಕ್ಷೆಯಲ್ಲಿ ಉತ್ತರ ಸಿಗದಿದ್ದರೆ ಆ ನೂರು ಚದರ ಅಡಿಯನ್ನು ಮನೆಯ ಹೊರಗೇ ಒಟ್ಟಾಗಿ ಬಿಟ್ಟು, ಅಲ್ಲೊಂದು ಹೊಂಗೆ ಮರ ನೆಡುವುದು ಮೇಲು. ಅದರ ನೆರಳು ಬೀದಿಯಲ್ಲಿ ಹೋಗುವವರಿಗೂ ಸಿಗುತ್ತದೆ.